ಕಥಾಸಾರದಿಂದ ವಾದದ ಕಡೆಗೆ: ಸಾಹಿತ್ಯ ಪ್ರಬಂಧದ ಕಲಿಕೆ

ಕನ್ನಡ ಸಾಹಿತ್ಯವನ್ನು ಪದವಿ ಅಥವಾ ಸ್ನಾತಕೋತ್ತರ ಹಂತದಲ್ಲಿ ಓದುವ ವಿದ್ಯಾರ್ಥಿಗಳ ಉತ್ತರಗಳಿಗೆ ಬಹುಕಾಲದಿಂದ ಒಂದು ನಿಶ್ಚಿತ ಅಚ್ಚು ಒದಗಿಬಂದಿದೆ. ಮೊದಲು ಕವಿ-ಕಾವ್ಯ ಪರಿಚಯ, ಬಳಿಕ ಕಥಾಸಾರ, ಅನಂತರ ಮುಖ್ಯ ಪಾತ್ರಗಳ ಗುಣವರ್ಣನೆ, ನಡುನಡುವೆ ವಿದ್ವಾಂಸರ ಒಂದೆರಡು ಅಭಿಪ್ರಾಯ, ಕಡೆಗೆ ಕೃತಿಯನ್ನು ಹೊಗಳುವ ಸಮಾರೋಪ. ಈ ಅಚ್ಚಿನಲ್ಲಿ ಬರೆದ ಉತ್ತರದಲ್ಲಿ ಒಂದು ತಪ್ಪು ಮಾಹಿತಿಯೂ ಇಲ್ಲದಿರಬಹುದು, ಭಾಷೆ ಶುದ್ಧವಾಗಿರಬಹುದು, ಅಂಕಗಳೂ ಸಾಕಷ್ಟು ದೊರೆಯಬಹುದು. ಆದರೂ ಅದನ್ನು ಓದಿ ಮುಗಿಸಿದವರಿಗೆ ಕೃತಿಯ ಬಗ್ಗೆ ಬರೆದವರ ನಿಲುವು ಏನೆಂಬುದು ತಿಳಿಯುವುದಿಲ್ಲ. ನಿಲುವೊಂದನ್ನು ತಳೆದು, ಅದಕ್ಕೆ ಕೃತಿಯೊಳಗಿನಿಂದಲೇ ಆಧಾರಗಳನ್ನು ತೋರಿಸಿ, ಎದುರಾಗಬಹುದಾದ ಆಕ್ಷೇಪಗಳಿಗೆ ಉತ್ತರ ಹೇಳಿ ಮುಗಿಸುವ ಬರವಣಿಗೆಗೆ ವಾದಾತ್ಮಕ ಪ್ರಬಂಧವೆಂದು ಹೆಸರು. ಲಹರಿಯ ಜಾಡು ಹಿಡಿದು ಸಾಗುವ ಲಲಿತ ಪ್ರಬಂಧದ ಸ್ವಾತಂತ್ರ್ಯ ಇದಕ್ಕಿಲ್ಲ, ಪಿಎಚ್‌.ಡಿ. ಪದವಿಗಾಗಿ ಸಲ್ಲಿಸುವ ಮಹಾಪ್ರಬಂಧದ ವಿಸ್ತಾರವೂ ಇದಕ್ಕೆ ಬೇಕಿಲ್ಲ. ಹತ್ತು ಪುಟಗಳಲ್ಲಿ ಒಂದು ಪ್ರಶ್ನೆಗೆ ಒಂದು ಉತ್ತರವನ್ನು ಸಾಧಿಸಿದರೆ ಇದರ ಕೆಲಸ ಮುಗಿಯಿತು.

ಈ ಬಗೆಯ ಬರವಣಿಗೆ ಹುಟ್ಟಿನಿಂದ ಬರುವ ಪ್ರತಿಭೆಯೆಂದೂ ಅದನ್ನು ಕಲಿಸಲು ಸಾಧ್ಯವಿಲ್ಲವೆಂದೂ ಭಾವಿಸುವವರು ಅನೇಕರಿದ್ದಾರೆ. ವಾಸ್ತವದಲ್ಲಿ ಇದು ಕೆಲವು ಸ್ಪಷ್ಟ ಹಂತಗಳುಳ್ಳ ಕೌಶಲ್ಯ. ಅದಕ್ಕೆ ಬೇಕಾದ ಪರಿಕರಗಳಲ್ಲಿ ಬಹುಪಾಲು ಕನ್ನಡದ ತರಗತಿಯಲ್ಲೂ ಭಾರತೀಯ ತರ್ಕ ಪರಂಪರೆಯಲ್ಲೂ ಈಗಾಗಲೇ ಇವೆ.

ಪರೀಕ್ಷೆಯ ಪ್ರಶ್ನೆ, ವಿಮರ್ಶೆಯ ಪ್ರಶ್ನೆ

ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲಿ ಸ್ಥಾಪನೆಯಾಗಿ, 1927ರಲ್ಲಿ ಅಲ್ಲಿನ ಮಹಾರಾಜ ಕಾಲೇಜಿನಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾದಾಗ, ಹಳಗನ್ನಡ ಕಾವ್ಯಗಳ ಪಾಠವನ್ನು ನಿಷ್ಕರ್ಷಿಸುವುದು, ಅವುಗಳ ಅರ್ಥವನ್ನು ಸ್ಥಾಪಿಸುವುದು, ಕವಿಗಳ ಕಾಲ-ದೇಶ-ಮತಗಳನ್ನು ನಿರ್ಣಯಿಸುವುದು ವಿದ್ವತ್ತಿನ ತುರ್ತು ಕೆಲಸಗಳಾಗಿದ್ದವು. ಹಸ್ತಪ್ರತಿಗಳಿಂದ ಆಗಷ್ಟೇ ಅಚ್ಚಿಗೆ ಬರುತ್ತಿದ್ದ ಸಾಹಿತ್ಯವನ್ನು ಎದುರಿಗಿಟ್ಟುಕೊಂಡ ಪೀಳಿಗೆಗೆ ಆ ಕ್ರಮ ಸಹಜವೂ ಅಗತ್ಯವೂ ಆಗಿತ್ತು. ಕವಿಯ ಕಾಲವನ್ನು ಕುರಿತ ಆ ಚರ್ಚೆಗಳು ಸ್ವತಃ ಉತ್ಕೃಷ್ಟ ವಾದಗಳೂ ಆಗಿದ್ದವು. ಆದರೆ ವಿದ್ವಾಂಸರು ವಾದಿಸಿ ತಲುಪಿದ ತೀರ್ಮಾನಗಳು ಮುಂದಿನ ಪೀಳಿಗೆಯ ವಿದ್ಯಾರ್ಥಿಗಳಿಗೆ ಬಾಯಿಪಾಠ ಮಾಡಬೇಕಾದ ಮಾಹಿತಿಯಾಗಿ ದೊರೆತವೇ ಹೊರತು, ಆ ತೀರ್ಮಾನಕ್ಕೆ ತಲುಪಿದ ದಾರಿ ಅವರಿಗೆ ಕಾಣಲಿಲ್ಲ. ಗೈಡುಗಳೂ ಪ್ರಶ್ನೋತ್ತರ ಮಾಲೆಗಳೂ ಈ ಮಾಹಿತಿಯನ್ನು ಇನ್ನಷ್ಟು ಅಡಕಗೊಳಿಸಿ ಕೊಟ್ಟವು.

ಪ್ರಶ್ನೆಪತ್ರಿಕೆಗಳಲ್ಲಿ ಬರುವ ‘ಚರ್ಚಿಸಿ’, ‘ವಿಮರ್ಶಿಸಿ’, ‘ಸಮರ್ಥಿಸಿ’ ಎಂಬ ಸೂಚನೆಗಳು ಮೂರು ಬೇರೆ ಬೇರೆ ಕೆಲಸಗಳನ್ನು ಕೇಳುತ್ತವೆಯಾದರೂ ಮೂರಕ್ಕೂ ಒಂದೇ ಬಗೆಯ ಉತ್ತರ ಬರುವುದು ಸಾಮಾನ್ಯವಾಗಿದೆ. ಚರ್ಚೆಯೆಂದರೆ ಒಂದಕ್ಕಿಂತ ಹೆಚ್ಚು ಅಭಿಪ್ರಾಯಗಳನ್ನು ಎದುರುಬದುರು ನಿಲ್ಲಿಸುವುದು; ವಿಮರ್ಶೆಯೆಂದರೆ ಬರೆಯುವವರೇ ಮಾನದಂಡವೊಂದನ್ನು ಹೇಳಿ ಅದರ ಮೇಲೆ ಕೃತಿಯನ್ನು ಅಳೆಯುವುದು; ಸಮರ್ಥನೆಯೆಂದರೆ ಪ್ರಶ್ನೆಯಲ್ಲಿಯೇ ಕೊಟ್ಟಿರುವ ಹೇಳಿಕೆಗೆ ಆಧಾರಗಳನ್ನು ಒದಗಿಸುವುದು. ಈ ವ್ಯತ್ಯಾಸವನ್ನು ತರಗತಿಯಲ್ಲಿ ಒಮ್ಮೆಯಾದರೂ ಬಿಡಿಸಿ ಹೇಳದಿದ್ದರೆ ವಿದ್ಯಾರ್ಥಿ ತನಗೆ ಗೊತ್ತಿರುವುದನ್ನೆಲ್ಲ ಬರೆಯುವುದೇ ಸುರಕ್ಷಿತವೆಂದು ತಿಳಿಯುವುದು ಅಸಹಜವೇನಲ್ಲ.

ಇದೇ ಪ್ರಶ್ನೆಪತ್ರಿಕೆಯ ಇನ್ನೊಂದು ಮೂಲೆಯಲ್ಲಿ, ಕೆಲವೇ ಅಂಕಗಳ ಭಾಗದಲ್ಲಿ, ವಿಮರ್ಶೆಯ ನಿಜವಾದ ಬೀಜ ಅಡಗಿದೆ. ಕಾವ್ಯದ ಒಂದು ಸಾಲನ್ನು ಕೊಟ್ಟು ‘ಸಂದರ್ಭ ಸೂಚಿಸಿ ಸ್ವಾರಸ್ಯವನ್ನು ವಿವರಿಸಿ’ ಎಂದು ಕೇಳುವ ಆ ಪ್ರಶ್ನೆ, ಮಾತು ಯಾರದು, ಯಾರಿಗೆ ಹೇಳಿದ್ದು, ಎಲ್ಲಿ ಬಂದಿದೆ ಎಂಬುದರ ಜೊತೆಗೆ, ಅದು ಹಾಗೆಯೇ ಏಕೆ ಬಂದಿದೆ ಎಂದೂ ಕೇಳುತ್ತದೆ. ಪಠ್ಯದ ಪದಪದವನ್ನೂ ಗಮನಿಸಿ ಅರ್ಥ ಹೊರಡಿಸುವ ಈ ಕ್ರಮವನ್ನು ನಿಕಟ ಓದು ಎಂದು ಕರೆಯುತ್ತಾರೆ. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಐ. ಎ. ರಿಚರ್ಡ್ಸ್ ಎಂಬ ವಿಮರ್ಶಕ ಕವಿಗಳ ಹೆಸರನ್ನು ಮರೆಮಾಡಿ ವಿದ್ಯಾರ್ಥಿಗಳಿಗೆ ಕವಿತೆಗಳನ್ನು ಹಂಚಿ, ಅವರು ಬರೆದುಕೊಟ್ಟ ಪ್ರತಿಕ್ರಿಯೆಗಳನ್ನು ಪರಿಶೀಲಿಸಿ 1929ರಲ್ಲಿ ‘ಪ್ರಾಕ್ಟಿಕಲ್ ಕ್ರಿಟಿಸಿಸಂ’ ಎಂಬ ಗ್ರಂಥವನ್ನು ಪ್ರಕಟಿಸಿದರು. 13 ಕವಿತೆಗಳನ್ನು ಆಧರಿಸಿದ ಆ ಅಧ್ಯಯನದಲ್ಲಿ, ಸಾಹಿತ್ಯವನ್ನೇ ಓದುತ್ತಿದ್ದ ವಿದ್ಯಾರ್ಥಿಗಳೂ ಕವಿತೆಯ ನೇರವಾದ ಅರ್ಥವನ್ನು ಗ್ರಹಿಸುವುದರಲ್ಲಿಯೇ ಎಡವುತ್ತಿದ್ದುದು, ಕವಿತೆಗೆ ಸಂಬಂಧವಿಲ್ಲದ ಸ್ವಂತ ನೆನಪುಗಳನ್ನು ಅದರ ಮೇಲೆ ಹೇರುತ್ತಿದ್ದುದು, ಮೊದಲೇ ಸಿದ್ಧವಾಗಿದ್ದ ಭಾವನೆಗಳನ್ನು ಒಪ್ಪಿಸುತ್ತಿದ್ದುದು ಬಯಲಾಯಿತು. ಕವಿಯ ಹೆಸರೂ ಹಿರಿಮೆಯೂ ಇಲ್ಲದಿದ್ದಾಗ ಓದುಗರ ಕೈಯಲ್ಲಿ ಉಳಿಯುವುದು ಪಠ್ಯವೊಂದೇ ಎಂಬುದು ಆ ಪ್ರಯೋಗದ ಪಾಠವಾದರೆ, ‘ಸ್ವಾರಸ್ಯ’ದ ಪ್ರಶ್ನೆಗೆ ಬರೆಯುವ ಅರ್ಧ ಪುಟದ ಉತ್ತರವೂ ಅದನ್ನೇ ಕಲಿಸಬಲ್ಲದು. ಹತ್ತು ಪುಟಗಳ ಪ್ರಬಂಧವೆಂದರೆ ಅಂಥ ಹಲವು ಸ್ವಾರಸ್ಯಗಳನ್ನು ಒಂದೇ ಪ್ರತಿಪಾದನೆಯ ಕೆಳಗೆ ತರುವ ಕೆಲಸವೇ ಆಗಿದೆ.

ಪ್ರತಿಪಾದನೆ ಹುಟ್ಟುವ ಬಗೆ

ಪ್ರತಿಪಾದನೆ ಎಂದರೆ ಪ್ರಬಂಧವು ಸಾಧಿಸಲು ಹೊರಟಿರುವ ಒಂದು ವಾಕ್ಯ. ಅದಕ್ಕೆ ಇರಬೇಕಾದ ಮುಖ್ಯ ಲಕ್ಷಣವೆಂದರೆ, ಕೃತಿಯನ್ನು ಚೆನ್ನಾಗಿ ಓದಿದ ಇನ್ನೊಬ್ಬರು ಅದನ್ನು ಸಕಾರಣವಾಗಿ ಒಪ್ಪದಿರುವ ಅವಕಾಶ. ಶಿವರಾಮ ಕಾರಂತರ ‘ಚೋಮನ ದುಡಿ’ (1933) ಕಾದಂಬರಿಯನ್ನು ಉದಾಹರಣೆಯಾಗಿ ತೆಗೆದುಕೊಂಡರೆ ಇದು ಸ್ಪಷ್ಟವಾಗುತ್ತದೆ. ಆ ಕಾದಂಬರಿ ಅಸ್ಪೃಶ್ಯ ಜೀತದಾಳೊಬ್ಬನ ಶೋಷಣೆಯನ್ನು ಚಿತ್ರಿಸುತ್ತದೆ ಎಂಬ ವಾಕ್ಯ ನಿಜವಾದುದು, ಆದರೆ ಅದನ್ನು ಯಾರೂ ಅಲ್ಲಗಳೆಯುವುದಿಲ್ಲವಾದ್ದರಿಂದ ಅದನ್ನು ಸಾಧಿಸಲು ಪ್ರಬಂಧವೇ ಬೇಕಿಲ್ಲ. ಅದು ಕನ್ನಡದ ಅತ್ಯಂತ ಮನಮಿಡಿಯುವ ಕಾದಂಬರಿ ಎಂಬ ವಾಕ್ಯವನ್ನು ಅಲ್ಲಗಳೆಯಬಹುದಾದರೂ, ಅದು ಓದುಗರ ಅಭಿರುಚಿಯನ್ನು ಹೇಳುತ್ತದೆಯೇ ಹೊರತು ಪಠ್ಯದ ಆಧಾರದಿಂದ ಇತ್ಯರ್ಥವಾಗುವಂಥದ್ದಲ್ಲ. ಮೊದಲನೆಯದು ಮಾಹಿತಿ, ಎರಡನೆಯದು ಅನಿಸಿಕೆ; ಪ್ರತಿಪಾದನೆ ಇವೆರಡರ ನಡುವಿನ ಜಾಗದಲ್ಲಿ ಹುಟ್ಟುತ್ತದೆ.

ಅದು ಹುಟ್ಟುವುದು ಸಾಮಾನ್ಯವಾಗಿ ಓದುವಾಗ ಎದುರಾದ ಒಂದು ತೊಡಕಿನಿಂದ. ಚೋಮನ ಬಳಿ ಎತ್ತುಗಳಿವೆ, ದುಡಿಯುವ ಶಕ್ತಿಯಿದೆ, ಆದರೆ ಸ್ವಂತ ಬೇಸಾಯಕ್ಕೆ ಭೂಮಿಯಿಲ್ಲ. ಒಡೆಯ ಸಂಕಪ್ಪಯ್ಯನಿಗೆ ಅವನ ಬಗ್ಗೆ ಕನಿಕರವಿದ್ದರೂ, ಹಿಂದಿನಿಂದ ನಡೆದುಬಂದ ಕಟ್ಟಳೆಯನ್ನು ಮುರಿಯಬಾರದೆಂಬ ತಾಯಿಯ ಮಾತನ್ನು ಮೀರಲಾಗದೆ ಅವನು ಹಿಂದೆ ಸರಿಯುತ್ತಾನೆ. ಒಡೆಯನನ್ನು ಕ್ರೂರಿಯನ್ನಾಗಿ ಚಿತ್ರಿಸಿದ್ದರೆ ಕಥೆ ಇನ್ನೂ ಸರಳವಾಗುತ್ತಿತ್ತಲ್ಲ, ಹಾಗೇಕೆ ಮಾಡಲಿಲ್ಲ ಎಂದು ಓದುಗರಿಗೆ ಅನ್ನಿಸಿದ ಕ್ಷಣವೇ ಪ್ರಬಂಧದ ಆರಂಭ. ಈ ಪ್ರಶ್ನೆಗೆ ಒಂದು ಉತ್ತರವಾಗಿ, ಚೋಮನಿಗೆ ಭೂಮಿ ತಪ್ಪುವುದು ಒಬ್ಬ ವ್ಯಕ್ತಿಯ ದುಷ್ಟತನದಿಂದಲ್ಲ, ಕನಿಕರವುಳ್ಳವರನ್ನೂ ಕೈಕಟ್ಟಿ ನಿಲ್ಲಿಸುವ ಕಟ್ಟಳೆಯಿಂದ ಎಂದು ತೋರಿಸುವುದಕ್ಕಾಗಿಯೇ ಕಾದಂಬರಿ ಒಡೆಯನಿಗೆ ಕನಿಕರವನ್ನು ಕೊಟ್ಟಿದೆ ಎಂಬ ಪ್ರತಿಪಾದನೆಯನ್ನು ಮಂಡಿಸಬಹುದು. ಇದನ್ನು ಒಪ್ಪದವರು ಖಂಡಿತ ಇದ್ದಾರೆ, ಮತ್ತು ಒಪ್ಪಬೇಕೇ ಬೇಡವೇ ಎಂಬುದನ್ನು ಕಾದಂಬರಿಯ ಪುಟಗಳನ್ನು ತಿರುವಿಯೇ ತೀರ್ಮಾನಿಸಬೇಕಾಗುತ್ತದೆ.

ಆಧಾರ ಮತ್ತು ಅದರ ಹಿಂದಿನ ತತ್ತ್ವ

ಪ್ರತಿಪಾದನೆಯನ್ನು ಸಾಧಿಸುವ ಕ್ರಮವನ್ನು ಗೌತಮನ ನ್ಯಾಯಸೂತ್ರಗಳು ಐದು ಅವಯವಗಳಾಗಿ ವಿಂಗಡಿಸಿವೆ. ಸಾಧಿಸಬೇಕಾದ ಮಾತು ಪ್ರತಿಜ್ಞೆ, ಅದಕ್ಕೆ ಕೊಡುವ ಕಾರಣ ಹೇತು, ಆ ಕಾರಣ ಬೇರೆಡೆಯೂ ಹಾಗೆಯೇ ಕೆಲಸ ಮಾಡುತ್ತದೆಂದು ವ್ಯಾಪ್ತಿಸಹಿತವಾಗಿ ತೋರಿಸುವುದು ಉದಾಹರಣೆ, ಪ್ರಸ್ತುತ ವಿಷಯಕ್ಕೆ ಅದನ್ನು ಅನ್ವಯಿಸುವುದು ಉಪನಯ, ಸಾಧಿತವಾದುದನ್ನು ಮತ್ತೆ ಹೇಳುವುದು ನಿಗಮನ. ಬೆಟ್ಟದಲ್ಲಿ ಹೊಗೆಯಿದೆಯಾದ್ದರಿಂದ ಬೆಂಕಿಯಿದೆ ಎಂಬ ಪ್ರಸಿದ್ಧ ಅನುಮಾನದಲ್ಲಿ, ಹೊಗೆಯಿರುವಲ್ಲೆಲ್ಲ ಬೆಂಕಿಯಿರುತ್ತದೆ ಎಂಬ ವ್ಯಾಪ್ತಿಯ ಜ್ಞಾನವಿಲ್ಲದಿದ್ದರೆ ಹೊಗೆ ಏನನ್ನೂ ಸಾಧಿಸಲಾರದು. ಬ್ರಿಟಿಷ್ ತತ್ತ್ವಜ್ಞ ಸ್ಟೀಫನ್ ಟೂಲ್ಮಿನ್ 1958ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ನಿತ್ಯಜೀವನದ ವಾದಗಳನ್ನು ವಿಶ್ಲೇಷಿಸುತ್ತ, ಹೇಳಿಕೆ ಮತ್ತು ಆಧಾರಗಳ ನಡುವೆ ಅವೆರಡನ್ನೂ ಜೋಡಿಸುವ, ಸಾಮಾನ್ಯವಾಗಿ ಬಾಯಿಬಿಟ್ಟು ಹೇಳದ ಒಂದು ತತ್ತ್ವವಿರುತ್ತದೆ ಎಂದು ಗುರುತಿಸಿದರು. ಎರಡೂ ಚಿಂತನೆಗಳ ಉದ್ದೇಶ ಬೇರೆ ಬೇರೆಯಾದರೂ ಪ್ರಬಂಧ ಬರೆಯುವವರಿಗೆ ಅವು ಕೊಡುವ ಎಚ್ಚರಿಕೆ ಒಂದೇ: ಉದ್ಧರಣೆ ತಾನಾಗಿ ಮಾತನಾಡುವುದಿಲ್ಲ.

ಸಾಹಿತ್ಯದ ಪ್ರಬಂಧಗಳು ಹೆಚ್ಚಾಗಿ ಸೋಲುವುದು ಈ ಸ್ಥಳದಲ್ಲಿಯೇ. ಒಂದು ಹೇಳಿಕೆ, ಅದರ ಕೆಳಗೆ ಕೃತಿಯಿಂದ ಎತ್ತಿದ ನಾಲ್ಕು ಸಾಲು, ಮತ್ತೊಂದು ಹೇಳಿಕೆ, ಮತ್ತೆ ನಾಲ್ಕು ಸಾಲು ಎಂಬಂತೆ ಸಾಗುವ ಬರವಣಿಗೆಯಲ್ಲಿ ಆ ಸಾಲುಗಳು ಹೇಳಿಕೆಯನ್ನು ಹೇಗೆ ಬೆಂಬಲಿಸುತ್ತವೆ ಎಂಬ ವಿವರಣೆಯೇ ಇರುವುದಿಲ್ಲ. ಮೇಲೆ ಹೇಳಿದ ಪ್ರತಿಪಾದನೆಗೆ ಸಂಕಪ್ಪಯ್ಯ ಮತ್ತು ಅವನ ತಾಯಿಯ ಪ್ರಸಂಗವೊಂದೇ ಆಧಾರವಾದರೆ ಅದು ದುರ್ಬಲ, ಏಕೆಂದರೆ ಅದನ್ನು ಒಂದು ಮನೆತನದ ಕಥೆಯೆಂದು ತಳ್ಳಿಹಾಕಬಹುದು. ಆದರೆ ಅದೇ ಕಾದಂಬರಿಯಲ್ಲಿ ಚೋಮನ ಮಗ ನೀಲ ನೀರಿನಲ್ಲಿ ಮುಳುಗುವಾಗ, ಅವನನ್ನು ಎತ್ತಲು ಮುಂದಾದ ಬ್ರಾಹ್ಮಣ ಯುವಕನನ್ನು ಮುಟ್ಟುಮೈಲಿಗೆಯ ಕಾರಣದಿಂದ ಸುತ್ತಲಿನವರು ತಡೆಯುತ್ತಾರೆ. ಸಹಾಯಕ್ಕೆ ಚಾಚಿದ ಕೈಯನ್ನು ಗುಂಪು ಹಿಂದಕ್ಕೆಳೆಯುವ ಅದೇ ವಿನ್ಯಾಸ ಇಲ್ಲಿಯೂ ಇದೆ. ದೂರದೂರದ ಎರಡು ಪ್ರಸಂಗಗಳು ಒಂದೇ ಆಕಾರವನ್ನು ಹೊಂದಿದ್ದರೆ ಆ ಆಕಾರ ಆಕಸ್ಮಿಕವಲ್ಲ, ಕೃತಿಯ ರಚನೆಗೆ ಸೇರಿದ್ದು ಎಂಬುದೇ ಇಲ್ಲಿ ಕೆಲಸ ಮಾಡುವ ತತ್ತ್ವ. ಅದನ್ನು ಪ್ರಬಂಧದಲ್ಲಿ ಸ್ಪಷ್ಟವಾಗಿ ಬರೆದಾಗ ಮಾತ್ರ ಓದುಗರು ಅದನ್ನು ಒಪ್ಪಲೂ ಪ್ರಶ್ನಿಸಲೂ ಸಾಧ್ಯವಾಗುತ್ತದೆ.

ಆಧಾರಗಳೆಲ್ಲವೂ ಸಮಾನವಲ್ಲ. ಕೃತಿಕಾರರ ಉದ್ದೇಶವನ್ನು ಕೃತಿಯ ಅರ್ಥಕ್ಕೆ ಅಂತಿಮ ಪ್ರಮಾಣವೆಂದು ಹಿಡಿಯುವುದು ತಪ್ಪೆಂದು ಅಮೆರಿಕದ ವಿಮ್ಸಾಟ್ ಮತ್ತು ಬಿಯರ್ಡ್ಸ್ಲಿ 1946ರಲ್ಲಿ ಪ್ರಕಟವಾದ ಲೇಖನದಲ್ಲಿ ವಾದಿಸಿದರು. ಅವರ ನಿಲುವನ್ನು ಪೂರ್ತಿಯಾಗಿ ಒಪ್ಪದವರಿಗೂ ಅದರಿಂದ ಕಲಿಯಬಹುದಾದ ಶಿಸ್ತೊಂದಿದೆ. ಕಾರಂತರ ಆತ್ಮಕಥೆಯಾದ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಕಾದಂಬರಿಯ ಹಿನ್ನೆಲೆಯನ್ನು ಬೆಳಗಬಹುದು, ದಕ್ಷಿಣ ಕನ್ನಡದ ಭೂಹಿಡುವಳಿಯ ಇತಿಹಾಸ ಅದರ ಸಂದರ್ಭವನ್ನು ವಿವರಿಸಬಹುದು, ಆದರೆ ಕಾದಂಬರಿಯೊಳಗೆ ಇಲ್ಲದ ಅರ್ಥವನ್ನು ಇವು ಯಾವುವೂ ಹೊರಗಿನಿಂದ ತಂದು ಕೂರಿಸಲಾರವು. ಪಾತ್ರದ ಮಾತನ್ನು ಲೇಖಕರ ಮಾತೆಂದು ಭ್ರಮಿಸುವುದು ಹಾಗೂ ನಿರೂಪಣೆಯ ದನಿಯನ್ನು ಲೇಖಕರ ವೈಯಕ್ತಿಕ ಅಭಿಪ್ರಾಯವೆಂದು ಉದ್ಧರಿಸುವುದು ಇದೇ ಜಾತಿಯ ದೋಷಗಳು.

ಪೂರ್ವಪಕ್ಷವಿಲ್ಲದ ಸಿದ್ಧಾಂತವಿಲ್ಲ

ಮೀಮಾಂಸಕರು ಒಂದೊಂದು ಚರ್ಚಾಘಟಕವನ್ನೂ ಅಧಿಕರಣವೆಂದು ಕರೆದು, ಅದರಲ್ಲಿ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ ಎಂಬ ಐದು ಅಂಗಗಳನ್ನು ಎಣಿಸುತ್ತಾರೆ. ಈ ವ್ಯವಸ್ಥೆಯಲ್ಲಿ ಗಮನಿಸಬೇಕಾದ ಅಂಶವೆಂದರೆ, ಸಂಶಯವಿಲ್ಲದೆ ಚರ್ಚೆಯೇ ಆರಂಭವಾಗುವುದಿಲ್ಲ ಮತ್ತು ಎದುರು ಪಕ್ಷವನ್ನು ಮಂಡಿಸದೆ ಸ್ವಪಕ್ಷವನ್ನು ಸ್ಥಾಪಿಸುವಂತಿಲ್ಲ. ನೈಯಾಯಿಕರು ಚರ್ಚೆಯನ್ನೇ ಮೂರು ಬಗೆಯಾಗಿ ಎಣಿಸಿದರು: ತತ್ತ್ವವನ್ನು ತಿಳಿಯುವುದಕ್ಕಾಗಿ ನಡೆಸುವುದು ವಾದ, ಗೆಲ್ಲುವುದಕ್ಕಾಗಿ ನಡೆಸುವುದು ಜಲ್ಪ, ತನ್ನದೇ ಪಕ್ಷವನ್ನು ಸ್ಥಾಪಿಸದೆ ಎದುರಾಳಿಯನ್ನು ಖಂಡಿಸುತ್ತ ಹೋಗುವುದು ವಿತಂಡ. ಪ್ರಸಿದ್ಧ ವಿಮರ್ಶಕರೊಬ್ಬರನ್ನು ಖಂಡಿಸಿದರೆ ಸಾಕು, ತನ್ನ ಕಡೆಯಿಂದ ಬೇರೆ ಓದನ್ನು ಕೊಡಬೇಕಾಗಿಲ್ಲ ಎಂದು ತಿಳಿಯುವ ಪ್ರಬಂಧ ವಿತಂಡಕ್ಕೆ ಜಾರುತ್ತದೆ. ಎದುರು ಪಕ್ಷದ ದುರ್ಬಲ ರೂಪವನ್ನು ಮಾತ್ರ ಆರಿಸಿಕೊಂಡು ಸೋಲಿಸುವ ಪ್ರಬಂಧ ಜಲ್ಪವಾಗುತ್ತದೆ.

‘ಚೋಮನ ದುಡಿ’ಯ ಪ್ರತಿಪಾದನೆಗೆ ಎದುರಾಗುವ ಪೂರ್ವಪಕ್ಷ ಸಾಕಷ್ಟು ಬಲವಾದುದು. ಚೋಮನ ದುಡಿಮೆಯ ಲಾಭವನ್ನು ಉಣ್ಣುವವನು ಸಂಕಪ್ಪಯ್ಯನೇ ಆದ್ದರಿಂದ ಅವನ ಅಸಹಾಯಕತೆ ಅವನಿಗೆ ಅನುಕೂಲಕರವಾದುದು. ಆ ಅಸಹಾಯಕತೆಗೆ ಸಹಾನುಭೂತಿ ತೋರಿಸುವ ಓದು ಶೋಷಕನನ್ನು ನಿರ್ದೋಷಿಯನ್ನಾಗಿ ಮಾಡುತ್ತದೆ ಎಂದು ಆಕ್ಷೇಪಿಸಬಹುದು. ಅಷ್ಟೇ ಅಲ್ಲದೆ, ಭೂಮಿಯ ಆಸೆಯಿಂದ ಮತಾಂತರವಾಗಲು ಹೊರಟ ಚೋಮ ತನ್ನ ದೈವವಾದ ಪಂಜುರ್ಲಿಯನ್ನು ಬಿಡಲಾರದೆ ಹಿಂದಿರುಗುವ ಪ್ರಸಂಗವೂ ಈ ಪ್ರತಿಪಾದನೆಗೆ ತೊಡಕಾಗುತ್ತದೆ, ಏಕೆಂದರೆ ಅಲ್ಲಿ ಅವನನ್ನು ತಡೆಯುವ ಗುಂಪು ಯಾವುದೂ ಇಲ್ಲ. ಜಾಣ ವಿದ್ಯಾರ್ಥಿ ಈ ಪ್ರಸಂಗವನ್ನು ಮುಚ್ಚಿಡುವುದಿಲ್ಲ. ತಡೆಯುವ ಶಕ್ತಿ ಹೊರಗಿನ ಕಟ್ಟಳೆಯಾಗಿ ಮಾತ್ರವಲ್ಲದೆ ಒಳಗಿನ ಭಯಭಕ್ತಿಯಾಗಿಯೂ ಇದೆ ಎಂದು ತನ್ನ ಪ್ರತಿಪಾದನೆಯನ್ನೇ ತಿದ್ದಿಕೊಳ್ಳುತ್ತಾನೆ. ಒಡೆಯನ ಕನಿಕರದಿಂದ ಚೋಮನಿಗೆ ಅಂಗೈಯಗಲ ಭೂಮಿಯೂ ದಕ್ಕದೆ ಅವನು ದುಡಿ ಬಾರಿಸುತ್ತಲೇ ಸಾಯುವುದರಿಂದ, ಕಾದಂಬರಿ ಒಡೆಯನನ್ನು ಕ್ಷಮಿಸುವುದಿಲ್ಲ, ಅಂಥ ಕನಿಕರದ ನಿರರ್ಥಕತೆಯನ್ನು ತೋರಿಸುತ್ತದೆ ಎಂದು ಮೊದಲ ಆಕ್ಷೇಪಕ್ಕೆ ಉತ್ತರಿಸುತ್ತಾನೆ. ಪೂರ್ವಪಕ್ಷವನ್ನು ಎದುರಿಸಿದ ಮೇಲೆ ಪ್ರತಿಪಾದನೆ ಆರಂಭದಲ್ಲಿದ್ದುದಕ್ಕಿಂತ ಸೂಕ್ಷ್ಮವಾಗಿದ್ದರೆ ಪ್ರಬಂಧ ತನ್ನ ಕೆಲಸವನ್ನು ಮಾಡಿದಂತಾಯಿತು.

ಕನ್ನಡದ ಸಾಹಿತ್ಯಲೋಕ ಇಂಥ ವಾದಗಳಿಗೆ ಹೊಸದಲ್ಲ. ಲಭ್ಯವಿರುವ ಮೊದಲ ಕನ್ನಡ ಗ್ರಂಥವಾದ 9ನೆಯ ಶತಮಾನದ ‘ಕವಿರಾಜಮಾರ್ಗ’ವೇ ಕಾವ್ಯದ ಗುಣದೋಷಗಳನ್ನು ಉದಾಹರಣೆಗಳೊಡನೆ ಪರಿಶೀಲಿಸುವ ಲಕ್ಷಣಗ್ರಂಥ. ಆಧುನಿಕ ಕಾಲದಲ್ಲಿ, ಶಂಬೂಕನ ಕಥೆಯನ್ನು ಬೇರೊಂದು ದೃಷ್ಟಿಯಿಂದ ನಿರೂಪಿಸಿದ ಕುವೆಂಪು ಅವರ ‘ಶೂದ್ರ ತಪಸ್ವಿ’ (1944) ನಾಟಕ ಪ್ರಕಟವಾದಾಗ, ಪುರಾಣದ ಕಥೆಯನ್ನು ಕವಿ ಹೀಗೆ ಬದಲಾಯಿಸುವುದು ಸರಿಯೇ ಎಂದು ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಆಕ್ಷೇಪವೆತ್ತಿದರು, ಕುವೆಂಪು ಅದಕ್ಕೆ ಉತ್ತರ ಕೊಟ್ಟರು. ಇಬ್ಬರೂ ಹಿರಿಯರು ಒಂದು ನಿರ್ದಿಷ್ಟ ಪ್ರಶ್ನೆಯ ಮೇಲೆ ಬಹಿರಂಗವಾಗಿ ಭಿನ್ನಾಭಿಪ್ರಾಯ ಹೊಂದಿದ್ದುದು ಇಂದಿನ ವಿದ್ಯಾರ್ಥಿಗೆ ಎರಡು ಕಾರಣಗಳಿಗಾಗಿ ಉಪಯುಕ್ತ: ಹಿರಿಯ ವಿಮರ್ಶಕರೊಡನೆ ಭಿನ್ನಮತ ತಾಳುವುದು ಅವಿನಯವಲ್ಲವೆಂಬ ಧೈರ್ಯ ಅದರಿಂದ ಬರುತ್ತದೆ, ಮತ್ತು ಭಿನ್ನಮತಕ್ಕೆ ಕಾರಣ ಕೊಡಬೇಕಾದ ಹೊಣೆಯೂ ಅದರಿಂದಲೇ ತಿಳಿಯುತ್ತದೆ. ಕೀರ್ತಿನಾಥ ಕುರ್ತಕೋಟಿ, ಜಿ. ಎಸ್. ಆಮೂರ, ಡಿ. ಆರ್. ನಾಗರಾಜರಂಥವರ ವಾಕ್ಯಗಳನ್ನು ಮುಕ್ತಾಯದ ಅಲಂಕಾರವಾಗಿ ಬಳಸುವ ಬದಲು, ಅವರು ಎತ್ತಿದ ಪ್ರಶ್ನೆ ಯಾವುದು, ಅವರ ಉತ್ತರ ಎಲ್ಲಿಯವರೆಗೆ ಸಲ್ಲುತ್ತದೆ ಎಂದು ಕೇಳಿದಾಗ ವಿದ್ಯಾರ್ಥಿ ಆ ಚರ್ಚೆಯಲ್ಲಿ ತಾನೂ ಒಬ್ಬ ಪಾಲುದಾರನಾಗುತ್ತಾನೆ.

ಭಾಷೆ ಮತ್ತು ಉಲ್ಲೇಖ

ಕೃತಿಕಾರರು ವಿಷಯವನ್ನು ‘ಮನೋಜ್ಞವಾಗಿ’, ‘ಹೃದಯಂಗಮವಾಗಿ’ ಚಿತ್ರಿಸಿದ್ದಾರೆ ಎಂಬಂಥ ಮಾತುಗಳು ಯಾವ ಕೃತಿಗಾದರೂ ಅಂಟುತ್ತವೆಯಾದ್ದರಿಂದ ಅವು ಯಾವ ಕೃತಿಯ ಬಗೆಗೂ ಏನನ್ನೂ ಹೇಳುವುದಿಲ್ಲ. ಅಂಥ ವಿಶೇಷಣ ಬಂದಲ್ಲೆಲ್ಲ, ಯಾವ ಪದ, ಯಾವ ಪ್ರಸಂಗ, ಯಾವ ತಿರುವು ಆ ಪರಿಣಾಮವನ್ನು ಉಂಟುಮಾಡಿತು ಎಂದು ಕೇಳಿಕೊಂಡರೆ ವಿಶೇಷಣದ ಜಾಗದಲ್ಲಿ ವಿಶ್ಲೇಷಣೆ ಬರುತ್ತದೆ. ಕಥಾಸಾರವನ್ನು ಪೂರ್ತಿಯಾಗಿ ಬಿಡಬೇಕಾಗಿಲ್ಲ, ಆದರೆ ವಾದಕ್ಕೆ ಬೇಕಾದ ಘಟನೆಯನ್ನು ಮಾತ್ರ, ವಾದಕ್ಕೆ ಬೇಕಾದ ಸ್ಥಳದಲ್ಲಿ ಹೇಳಿದರೆ ಸಾಕು. ಘಟನೆಗಳು ಕಾದಂಬರಿಯ ಕಾಲಕ್ರಮದಲ್ಲಿ ಬರುತ್ತಿದ್ದರೆ ಬರವಣಿಗೆ ಸಾರಾಂಶಕ್ಕೆ ಹೊರಳುತ್ತಿದೆ ಎಂದೂ, ಕಾರಣಗಳ ಕ್ರಮದಲ್ಲಿ ಬರುತ್ತಿದ್ದರೆ ವಾದ ನಡೆಯುತ್ತಿದೆ ಎಂದೂ ಸಾಮಾನ್ಯವಾಗಿ ಗುರುತಿಸಬಹುದು.

ಉದ್ಧರಿಸಿದ ಸಾಲು ಎಲ್ಲಿದೆಯೆಂದು ಓದುಗರು ಹುಡುಕಿ ನೋಡುವಂತಿರಬೇಕು. ಕಾದಂಬರಿಗೆ ಆವೃತ್ತಿ ಮತ್ತು ಪುಟಸಂಖ್ಯೆ, ಪಂಪನಂಥ ಚಂಪೂಕವಿಗಳಿಗೆ ಆಶ್ವಾಸ ಮತ್ತು ಪದ್ಯಸಂಖ್ಯೆ, ಕುಮಾರವ್ಯಾಸನಿಗೆ ಪರ್ವ, ಸಂಧಿ, ಪದ್ಯಗಳು, ವಚನಗಳಿಗೆ 15 ಸಂಪುಟಗಳ ಸಮಗ್ರ ವಚನ ಸಂಪುಟದಂಥ ಆಕರದ ಸಂಪುಟ ಮತ್ತು ವಚನಸಂಖ್ಯೆಗಳನ್ನು ಕೊಡುವುದು ವಾಡಿಕೆ. ಹಳಗನ್ನಡ ಪದ್ಯಗಳಲ್ಲಿ ಪಾಠಾಂತರದಿಂದ ಅರ್ಥವೇ ಬದಲಾಗಬಹುದಾದ್ದರಿಂದ ಯಾವ ಸಂಪಾದಕರ ಪಾಠವನ್ನು ಬಳಸಲಾಗಿದೆ ಎಂಬುದೂ ವಾದದ ಭಾಗವೇ ಆಗುತ್ತದೆ. ವಿಶ್ವವಿದ್ಯಾಲಯ ಅನುದಾನ ಆಯೋಗ 2018ರಲ್ಲಿ ಕೃತಿಚೌರ್ಯವನ್ನು ತಡೆಯಲು ಹೊರಡಿಸಿದ ನಿಯಮಾವಳಿ, ಶೇ. 10ಕ್ಕಿಂತ ಹೆಚ್ಚಿನ ಸಾಮ್ಯವಿರುವ ಬರಹಗಳನ್ನು ಹಂತಹಂತವಾಗಿ ದಂಡನೆಗೆ ಒಳಪಡಿಸುತ್ತದೆ. ಆದರೆ ಸಾಮ್ಯವನ್ನು ಅಳೆಯುವ ತಂತ್ರಾಂಶ ನಕಲನ್ನು ಗುರುತಿಸಬಲ್ಲದೇ ಹೊರತು ವಾದದ ಅಭಾವವನ್ನು ಗುರುತಿಸಲಾರದು. ಗೈಡಿನ ಉತ್ತರವನ್ನು ಬೇರೆ ಪದಗಳಲ್ಲಿ ಬರೆದವರೂ, ಕೃತಕ ಬುದ್ಧಿಮತ್ತೆಯಿಂದ ಬರೆಸಿಕೊಂಡವರೂ ಆ ಪರೀಕ್ಷೆಯಲ್ಲಿ ಸುಲಭವಾಗಿ ಪಾರಾಗಬಹುದು. ಅಂಥವರನ್ನು ಎದುರಿಗೆ ಕೂರಿಸಿಕೊಂಡು, ಈ ಪ್ರಸಂಗವನ್ನೇ ಏಕೆ ಆರಿಸಿದಿರಿ, ಇದಕ್ಕೆ ವಿರುದ್ಧವಾದ ಪ್ರಸಂಗ ಕೃತಿಯಲ್ಲಿ ಇಲ್ಲವೇ ಎಂದು ಕೇಳುವ ಅಧ್ಯಾಪಕರಿಗಿಂತ ಉತ್ತಮವಾದ ಸಾಧನ ಇನ್ನೊಂದಿಲ್ಲ.

ಕಲಿಸುವವರ ಪಾಲು

ವಾದ ಹೂಡುವ ಬರವಣಿಗೆ ಒಂದೇ ಕೂರಿಕೆಯಲ್ಲಿ ಸಿದ್ಧಿಸುವುದಿಲ್ಲ. ಮೊದಲ ಕರಡು ಬರೆಯುವಾಗ ವಿದ್ಯಾರ್ಥಿ ತನ್ನ ನಿಲುವನ್ನು ಹುಡುಕಿಕೊಳ್ಳುತ್ತಿರುತ್ತಾನೆ, ಆದ್ದರಿಂದ ಅದರ ಕೊನೆಯ ಪುಟದಲ್ಲಿ ಸಿಕ್ಕ ಮಾತು ಎರಡನೆಯ ಕರಡಿನ ಮೊದಲ ಪುಟಕ್ಕೆ ಬರಬೇಕಾಗುತ್ತದೆ. ಮೂರು ಗಂಟೆಗಳ ಸೆಮಿಸ್ಟರ್ ಪರೀಕ್ಷೆಯಲ್ಲಿ ಇದಕ್ಕೆ ಅವಕಾಶವಿಲ್ಲ. ಆಂತರಿಕ ಮೌಲ್ಯಮಾಪನದ ನಿಯೋಜಿತ ಬರಹಗಳಲ್ಲಿ ಮತ್ತು ಎಂ.ಎ. ಹಂತದ ಕಿರು ಸಂಪ್ರಬಂಧಗಳಲ್ಲಿ ಮಾತ್ರ ಇದೆ. ಆದರೆ ಆ ಬರಹಗಳನ್ನು ಕಡೆಯ ವಾರ ಒಟ್ಟಾಗಿ ಪಡೆದು ಅಂಕ ಹಾಕಿ ಕಟ್ಟಿಡುವ ರೂಢಿ ಮುಂದುವರಿದರೆ ಆ ಅವಕಾಶವೂ ವ್ಯರ್ಥವಾಗುತ್ತದೆ.

ಈ ದೃಷ್ಟಿಯಿಂದ ಸಾಹಿತ್ಯ ವಿಭಾಗಗಳು ಹೊಸ ಪಠ್ಯಕ್ರಮಕ್ಕಾಗಿ ಕಾಯದೆ ಇಂದೇ ಕೈಗೊಳ್ಳಬಹುದಾದ ಕೆಲಸಗಳು ಮೂರಿವೆ. ‘ಕೃತಿಯನ್ನು ವಿಮರ್ಶಿಸಿ’ ಎಂಬ ಬಯಲುಪ್ರಶ್ನೆಯ ಬದಲು, ಒಪ್ಪಬಹುದಾದ ಮತ್ತು ಒಪ್ಪದಿರಬಹುದಾದ ಒಂದು ಹೇಳಿಕೆಯನ್ನು ಕೊಟ್ಟು ನಿಲುವು ತಾಳುವಂತೆ ಕೇಳಬೇಕು. ಸೆಮಿಸ್ಟರಿಗೆ ಒಂದಾದರೂ ಪ್ರಬಂಧವನ್ನು ಕರಡಿನ ಹಂತದಲ್ಲಿ ಓದಿ, ಪ್ರತಿಪಾದನೆ, ಆಧಾರ, ಪೂರ್ವಪಕ್ಷಗಳ ಅಂಚಿನಲ್ಲಿ ಟಿಪ್ಪಣಿ ಬರೆದು, ತಿದ್ದಿ ಬರೆಯಲು ಹಿಂದಿರುಗಿಸಬೇಕು. ಅಧ್ಯಾಪಕರ ಅಭಿಪ್ರಾಯಕ್ಕೆ ವಿರುದ್ಧವಾದ ನಿಲುವನ್ನು ಸಕಾರಣವಾಗಿ ಸಾಧಿಸಿದ ಪ್ರಬಂಧಕ್ಕೆ, ಅವರ ಅಭಿಪ್ರಾಯವನ್ನೇ ಒಪ್ಪಿಸಿದ ಪ್ರಬಂಧಕ್ಕಿಂತ ಹೆಚ್ಚು ಅಂಕ ದೊರೆಯಬೇಕು. ಮೂರನೆಯದು ಪಾಲನೆಯಾಗದಿದ್ದರೆ ಮೊದಲ ಎರಡರಿಂದ ಪ್ರಯೋಜನವಿಲ್ಲ, ಏಕೆಂದರೆ ಭಿನ್ನಮತಕ್ಕೆ ಬೆಲೆ ತೆರಬೇಕಾದ ತರಗತಿಯಲ್ಲಿ ಯಾವ ವಿದ್ಯಾರ್ಥಿಯೂ ವಾದವನ್ನು ಕಲಿಯುವುದಿಲ್ಲ.